ಎಂಎಂಒಆರ್‌ಪಿಜಿ ಶುರು ಮಾಡಬೇಕೆ? ಆಟ ಆರಿಸುವ ಮುನ್ನ ಗಡಿಯಾರ ನೋಡಿ

ಬಿಜಿಎಂಐ, ಫ್ರೀ ಫೈರ್‌ನಂಥ ಮೊಬೈಲ್ ಶೂಟಿಂಗ್ ಆಟ ಆಡಿ ಸಾಕಾದವರು, ಕೆಲಸಕ್ಕೆ ಸೇರಿ ಮೊದಲ ಸಲ ಒಳ್ಳೆಯ ಲ್ಯಾಪ್‌ಟಾಪ್ ಕೊಂಡವರು, ಅಮೆರಿಕದಲ್ಲಿರುವ ಅಣ್ಣನ ಜೊತೆ ವಾರಕ್ಕೊಮ್ಮೆ ಏನಾದರೂ ಆಡೋಣ ಎಂದುಕೊಂಡವರು, ಹೀಗೆ ಬೇರೆ ಬೇರೆ ಜನ ಕೇಳುವ ಪ್ರಶ್ನೆ ಕೊನೆಗೆ ಒಂದೇ ಆಗಿರುತ್ತದೆ. ಸಾವಿರಾರು ಜನ ಒಂದೇ ಲೋಕದಲ್ಲಿ ಓಡಾಡುವ, ಒಂದು ಪಾತ್ರವನ್ನು ವರ್ಷಗಟ್ಟಲೆ ಬೆಳೆಸುವ ಆಟವನ್ನು, ಅಂದರೆ ಎಂಎಂಒಆರ್‌ಪಿಜಿ (ಚುಟುಕಾಗಿ ಎಂಎಂಒ) ಒಂದನ್ನು, ಈಗ ಶುರು ಮಾಡಬಹುದೇ? ಮಾಡುವುದಾದರೆ ಯಾವುದು?

ಹೆಸರುಗಳು ನೂರಾರಿವೆ. ಇಲ್ಲಿ ಐದನ್ನು ಮಾತ್ರ ಎತ್ತಿಕೊಂಡಿದ್ದೇನೆ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಫೈನಲ್ ಫ್ಯಾಂಟಸಿ 14, ಗಿಲ್ಡ್ ವಾರ್ಸ್ 2, ಓಲ್ಡ್ ಸ್ಕೂಲ್ ರೂನ್‌ಸ್ಕೇಪ್, ಆಲ್ಬಿಯನ್ ಆನ್‌ಲೈನ್. ಐದನ್ನೂ ಒಂದು ರೂಪಾಯಿ ಕೊಡದೆ ಶುರು ಮಾಡಬಹುದು. ಐದೂ ಬಾಳಿಕೆ ಬಂದಿರುವ ಆಟಗಳು. ಬಾಳಿಕೆಯ ಮಾತು ಏಕೆಂದರೆ, ಆಟ ನಡೆಸುವ ಕಂಪನಿಯ ಕಂಪ್ಯೂಟರ್, ಅಂದರೆ ಸರ್ವರ್, ಮುಚ್ಚಿದ ದಿನ ನಿಮ್ಮ ಪಾತ್ರವೂ ಮುಗಿಯಿತು. ಸಿಟಿ ಆಫ್ ಹೀರೋಸ್ 2012ರ ನವೆಂಬರ್‌ನಲ್ಲಿ ಹಾಗೆ ಮುಚ್ಚಿತು. 2021ರಲ್ಲಿ ಭಾರಿ ಸದ್ದು ಮಾಡಿ ಬಂದ ನ್ಯೂ ವರ್ಲ್ಡ್‌ಗೆ ಇನ್ನು ಹೊಸದೇನನ್ನೂ ಸೇರಿಸುವುದಿಲ್ಲ ಎಂದು 2025ರಲ್ಲೇ ಘೋಷಣೆಯಾಯಿತು. ಹತ್ತಾರು ವರ್ಷ ನಡೆದಿರುವ ಆಟಕ್ಕೆ ಸಮಯ ಕೊಡುವುದು ಹೆಚ್ಚು ಸುರಕ್ಷಿತ.

ವಿಮರ್ಶೆಗಳಲ್ಲಿ ಗ್ರಾಫಿಕ್ಸ್, ಕ್ಲಾಸ್ (ಯೋಧ, ಮಾಂತ್ರಿಕ ಎಂಬಂಥ ಪಾತ್ರದ ಬಗೆ), ಬಾಸ್ (ಬಲಿಷ್ಠ ಶತ್ರು) ಫೈಟ್‌ಗಳ ಮಾತೇ ತುಂಬಿರುತ್ತದೆ. ಅವನ್ನು ಬರೆಯುವವರು ಬಹುಮಟ್ಟಿಗೆ ಸರ್ವರ್ ಇರುವ ಖಂಡದಲ್ಲೇ ಇರುವವರು. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಕೂತು ಆಡುವ ನಮಗೆ ಬೇರೆಯೇ ಅಳತೆಗೋಲು ಬೇಕು. ನನ್ನ ದೃಷ್ಟಿಯಲ್ಲಿ ನಿಮ್ಮ ಬಿಡುವಿನ ಗಂಟೆ ಯಾವುದು ಎನ್ನುವುದೇ ಮೊದಲ ಪ್ರಶ್ನೆ. ಸರ್ವರ್ ಎಷ್ಟು ದೂರ, ತಿಂಗಳಿಗೆ ಎಷ್ಟು ಹಣ, ಯಾವ ಯಂತ್ರ ಎನ್ನುವುವೆಲ್ಲ ಅದರ ನಂತರದ ಮಾತು.

ಯಾವ ಗಂಟೆ, ಎಷ್ಟು ಹೊತ್ತು

ಬಿಜಿಎಂಐ ಪಂದ್ಯ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಎದ್ದು ಹೋಗಬಹುದು. ಎಂಎಂಒದಲ್ಲಿ ಹಾಗೆ ‘ಮುಗಿಯಿತು’ ಎಂದು ಹೇಳುವ ಪರದೆ ಬರುವುದಿಲ್ಲ. ನಿಲ್ಲಿಸುವ ಹೊತ್ತನ್ನು ನೀವೇ ಗೊತ್ತು ಮಾಡಿಕೊಳ್ಳಬೇಕು. ಅದಕ್ಕಿಂತ ಕಷ್ಟದ ವಿಷಯವೆಂದರೆ, ಕೆಲವು ಕೆಲಸಗಳನ್ನು ನಡುವೆ ಬಿಟ್ಟು ಏಳುವಂತಿಲ್ಲ. ನಾಲ್ಕು ಜನ ಸೇರಿ ಶತ್ರುಗಳು ತುಂಬಿದ ಡಂಜನ್ ಎಂಬ ತಾಣಕ್ಕೆ ಇಳಿದ ಮೇಲೆ ಅಮ್ಮ ಊಟಕ್ಕೆ ಕರೆದರೆ, ಮಗು ಎದ್ದು ಅತ್ತರೆ, ಉಳಿದ ಮೂವರು ನಿಮಗಾಗಿ ಕಾಯುತ್ತಾರೆ. ಫೈನಲ್ ಫ್ಯಾಂಟಸಿಯಲ್ಲಿ ನಡುವೆ ಬಿಟ್ಟು ಹೋದವರಿಗೆ 30 ನಿಮಿಷ ಮತ್ತೆ ಸೇರಲಾಗದ ದಂಡವೂ ಉಂಟು. ಆದ್ದರಿಂದ ಯಾರೂ ಕರೆಯದೆ ಒಂದೇ ಸಮನೆ ಎಷ್ಟು ಹೊತ್ತು ಕೂರಬಲ್ಲಿರಿ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಹದಿನೈದು ನಿಮಿಷವೇ, ಒಂದು ಗಂಟೆಯೇ, ಎರಡೂವರೆ ಗಂಟೆಯೇ? ಈ ಒಂದು ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಇನ್ನು ಗಡಿಯಾರ. ವಾರ್‌ಕ್ರಾಫ್ಟ್, ಫೈನಲ್ ಫ್ಯಾಂಟಸಿ, ಗಿಲ್ಡ್ ವಾರ್ಸ್, ಆಲ್ಬಿಯನ್ ಯಾವುದಕ್ಕೂ ಭಾರತದಲ್ಲಿ ಸರ್ವರ್ ಇಲ್ಲ. ನೀವು ಬೇರೆ ದೇಶದ ಜನರ ಸಂಜೆಗೆ ಹೊಂದಿಕೊಂಡು ಆಡಬೇಕು. ಜರ್ಮನಿ, ಫ್ರಾನ್ಸ್‌ಗಳಲ್ಲಿ ರೇಡ್ (ದೊಡ್ಡ ಗುಂಪು ಸೇರಿ ಬಾಸ್‌ಗಳ ಮೇಲೆ ಮಾಡುವ ದಾಳಿ) ಶುರುವಾಗುವುದು ರಾತ್ರಿ 8ಕ್ಕೆ ಎಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಅದು ನಮ್ಮ 11:30, ಚಳಿಗಾಲದಲ್ಲಿ 12:30. ಮೂರು ಗಂಟೆಯ ರೇಡ್ ಮುಗಿಯುವಾಗ ಇಲ್ಲಿ ಹಾಲಿನವರು ಬರುವ ಹೊತ್ತು ಹತ್ತಿರವಾಗಿರುತ್ತದೆ. ಮರುದಿನ ಆಫೀಸಿದ್ದವರಿಗೆ ವಾರಕ್ಕೆರಡು ಸಲ ಇದು ಸಾಧ್ಯವಿಲ್ಲದ ಮಾತು, ಎಷ್ಟೇ ಒಳ್ಳೆಯ ಗಿಲ್ಡ್ (ಆಟಗಾರರ ಕಾಯಂ ತಂಡ) ಸಿಕ್ಕಿದರೂ. ಅದೇ ನೀವು ರಾತ್ರಿ 9ರಿಂದ 11ರವರೆಗೆ ಒಬ್ಬರೇ ಅಥವಾ ಸಿಕ್ಕವರ ಜೊತೆ ಆಡುವವರಾದರೆ ಯುರೋಪ್ ಸರ್ವರ್ ಚೆನ್ನಾಗಿ ಒಗ್ಗುತ್ತದೆ: ಅಲ್ಲಿ ಸಂಜೆ, ಜನ ಕೆಲಸ ಮುಗಿಸಿ ಬಂದು ಸೇರುತ್ತಿರುತ್ತಾರೆ.

ಪೂರ್ವಕ್ಕೆ ತಿರುಗಿದರೆ ಲೆಕ್ಕ ತಲೆಕೆಳಗು. ಜಪಾನಿನ ರಾತ್ರಿ 9 ಅಂದರೆ ನಮ್ಮ ಸಂಜೆ 5:30, ಸಿಂಗಪುರದ ರಾತ್ರಿ 9 ಅಂದರೆ 6:30. ಸಂಜೆ ಮನೆಗೆ ಬರುವ ವಿದ್ಯಾರ್ಥಿಗೆ, ಬೆಳಗಿನ ಪಾಳಿಯ ಕೆಲಸದವರಿಗೆ ಇದು ಅನುಕೂಲ. ರಾತ್ರಿ ಹತ್ತಕ್ಕೆ ಬಿಡುವಾಗುವವರು ಹೋಗಿ ನೋಡಿದರೆ ಅಲ್ಲಿ ಜನ ಮಲಗಲು ಹೊರಟಿರುತ್ತಾರೆ.

ಅಮೆರಿಕದಲ್ಲಿರುವ ಅಣ್ಣ, ಅಕ್ಕ, ಹಳೆಯ ಕಾಲೇಜು ಗೆಳೆಯರ ಜೊತೆ ಆಡಬೇಕೆಂದಿದ್ದರೆ ಒಂದು ಒಳ್ಳೆಯ ಹೊತ್ತಿದೆ. ಕ್ಯಾಲಿಫೋರ್ನಿಯದ ಶುಕ್ರವಾರ ರಾತ್ರಿ 8 ನಮಗೆ ಶನಿವಾರ ಬೆಳಿಗ್ಗೆ 8:30, ಚಳಿಗಾಲದಲ್ಲಿ 9:30. ಇಬ್ಬರಿಗೂ ರಜೆಯ ಬಾಗಿಲಲ್ಲಿರುವ ಹೊತ್ತು. ಊರು ಬಿಟ್ಟವರ ಜೊತೆ ಫೋನಿನಲ್ಲಿ ‘ಊಟ ಆಯ್ತಾ’ ಎನ್ನುವಲ್ಲಿಗೇ ಮಾತು ನಿಂತುಬಿಡುತ್ತದಲ್ಲ, ಒಟ್ಟಿಗೆ ಒಂದು ಕೆಲಸ ಮಾಡುತ್ತಾ ಇದ್ದರೆ ಮಾತು ತಾನೇ ಬರುತ್ತದೆ. ಎಂಎಂಒ ಶುರು ಮಾಡಲು ನನಗೆ ತೋಚುವ ಅತ್ಯುತ್ತಮ ಕಾರಣ ಇದೇ. ಇಂಥ ಜೊತೆ ಈಗಾಗಲೇ ಇದ್ದರೆ ಕೆಳಗಿನ ಹೋಲಿಕೆಯನ್ನೆಲ್ಲ ಪಕ್ಕಕ್ಕಿಡಿ. ಅವರು ಆಡುವ ಆಟ, ಅವರು ಇರುವ ಸರ್ವರ್, ಅದೇ ನಿಮ್ಮದು.

ದೂರ, ಹಣ, ಯಂತ್ರ

ಪಿಂಗ್, ಅಂದರೆ ಸಂಕೇತ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು, ಅದರ ಬಗ್ಗೆ ಒಂದು ಸರಳ ಲೆಕ್ಕ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ನೇರ ಗೆರೆಯಲ್ಲಿ 7,400 ಕಿ.ಮೀ. ಆಸುಪಾಸು, ಹೋಗಿ ಬರಲು ಕನಿಷ್ಠ 75 ಮಿಲಿಸೆಕೆಂಡ್. ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜವಾದ ಪಿಂಗ್ ಇದರ ಎರಡರಷ್ಟಾದರೂ ಆಶ್ಚರ್ಯವಿಲ್ಲ. ಸಿಂಗಪುರ 3,200 ಕಿ.ಮೀ. ಸುತ್ತಮುತ್ತ, ಅರ್ಧಕ್ಕಿಂತ ಕಡಿಮೆ ದೂರ. ಎಷ್ಟು ದುಬಾರಿ ಪ್ಲಾನ್ ಹಾಕಿಸಿಕೊಂಡರೂ ಈ ಕನಿಷ್ಠವನ್ನು ದಾಟಲಾಗದು. 300 ಎಂಬಿಪಿಎಸ್ ಲೈನಿನಿಂದ ಡೌನ್‌ಲೋಡ್ ಬೇಗ ಮುಗಿಯುತ್ತದೆ, ಸರ್ವರ್ ಹತ್ತಿರ ಬರುವುದಿಲ್ಲ. ಸಮಾಧಾನದ ವಿಷಯ: ಶೂಟಿಂಗ್ ಆಟಗಳಷ್ಟು ಪಿಂಗ್ ಇಲ್ಲಿ ಕಾಡುವುದಿಲ್ಲ. 150 ಮಿಲಿಸೆಕೆಂಡ್ ಸ್ಥಿರವಾಗಿದ್ದರೆ ಈ ಐದರಲ್ಲಿ ಯಾವುದನ್ನೂ ಸಂತೋಷವಾಗಿ ಆಡಬಹುದು. ನಿಮಿಷಕ್ಕೊಮ್ಮೆ ಏರಿ ಇಳಿಯುವ ಲೈನೇ ನಿಜವಾದ ಶತ್ರು. ವೈಫೈ ಬಿಟ್ಟು ಒಂದು ಲ್ಯಾನ್ ಕೇಬಲ್, ಕರೆಂಟ್ ಹೋದಾಗ ರೌಟರ್ ನಿಲ್ಲದಂತೆ ಒಂದು ಸಣ್ಣ ಯುಪಿಎಸ್ ಇದ್ದರೆ ಹೊಸ ಗ್ರಾಫಿಕ್ಸ್ ಕಾರ್ಡಿಗಿಂತ ಹೆಚ್ಚು ಉಪಯೋಗ.

ಹಣದ ವಿಷಯಕ್ಕೆ ಬಂದರೆ, ವಾರ್‌ಕ್ರಾಫ್ಟ್ ಮತ್ತು ಫೈನಲ್ ಫ್ಯಾಂಟಸಿಗೆ ತಿಂಗಳ ಚಂದಾ ಇದೆ. ಅಮೆರಿಕದ ದರ ವಾರ್‌ಕ್ರಾಫ್ಟ್‌ಗೆ 14.99 ಡಾಲರ್, ಫೈನಲ್ ಫ್ಯಾಂಟಸಿಯ ಕೆಳಹಂತಕ್ಕೆ 12.99 ಡಾಲರ್. ಅಂದರೆ ತಿಂಗಳಿಗೆ ಸಾವಿರ ರೂಪಾಯಿಗೂ ಮೇಲೆ, ವರ್ಷಕ್ಕೆ ಹದಿನೈದು ಸಾವಿರದ ಹತ್ತಿರ, ಕಾರ್ಡಿನ ವಿದೇಶಿ ವಹಿವಾಟು ಶುಲ್ಕ ಬೇರೆ. ವಿದೇಶಿ ಕಂಪನಿಗೆ ಪ್ರತಿ ತಿಂಗಳು ತಾನಾಗಿ ಹಣ ಹೋಗುವ ವ್ಯವಸ್ಥೆ, 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಬಿಗಿಯಾದ ಮೇಲೆ, ಎಲ್ಲ ಕಾರ್ಡುಗಳಲ್ಲೂ ಸಲೀಸಾಗಿ ನಡೆಯುವುದಿಲ್ಲ. ಗಿಲ್ಡ್ ವಾರ್ಸ್‌ಗೆ ಚಂದಾ ಇಲ್ಲ, ಎಕ್ಸ್‌ಪಾನ್ಷನ್ (ಆಟಕ್ಕೆ ಸೇರುವ ಹೊಸ ದೊಡ್ಡ ಭಾಗ) ಒಮ್ಮೆ ಕೊಂಡರೆ ನಿಮ್ಮದೇ. ರೂನ್‌ಸ್ಕೇಪ್ ಮತ್ತು ಆಲ್ಬಿಯನ್‌ನಲ್ಲಿ ಉಚಿತ ಭಾಗ ದೊಡ್ಡದು. ಅದರ ಮೇಲಿನದಕ್ಕೆ ಹಣ ಕೊಡಬಹುದು, ಅಥವಾ ಆಟದೊಳಗೆ ದುಡಿದ ನಾಣ್ಯದಲ್ಲೇ ಸದಸ್ಯತ್ವ ಕೊಳ್ಳಬಹುದು.

ಮನೆಯ ಹಿರಿಯರಿಗೆ ‘ಆನ್‌ಲೈನ್ ಗೇಮ್‌ಗೆ ದುಡ್ಡು’ ಎಂದ ಕೂಡಲೇ ರಮ್ಮಿ ನೆನಪಾಗುತ್ತದೆ, ಆ ಭಯಕ್ಕೆ ಕಾರಣವೂ ಇದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಪಣಕ್ಕಿಟ್ಟು ಹಣ ಗೆಲ್ಲುವ ಆಟಗಳನ್ನು. ಪಣವಿಲ್ಲದ, ಮನರಂಜನೆಗಾಗಿ ಚಂದಾ ಕೊಟ್ಟು ಆಡುವ ಆಟಗಳನ್ನು ಅದು ಬೇರೆಯಾಗಿಯೇ ನೋಡುತ್ತದೆ. ಅಪ್ಪನಿಗೆ ಈ ವ್ಯತ್ಯಾಸವನ್ನು ಕೂತು ವಿವರಿಸಿ. ಕದ್ದು ಆಡುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರ್‌ಕ್ರಾಫ್ಟ್, ಫೈನಲ್ ಫ್ಯಾಂಟಸಿ ಎರಡಕ್ಕೂ ಎಸ್‌ಎಸ್‌ಡಿಯಲ್ಲಿ 100 ಜಿಬಿಗೂ ಹೆಚ್ಚು ಜಾಗ ಬೇಕು. ಗಿಲ್ಡ್ ವಾರ್ಸ್ ಸ್ವಲ್ಪ ಹಳೆಯ ಲ್ಯಾಪ್‌ಟಾಪಿನಲ್ಲೂ ಸೆಟ್ಟಿಂಗ್ ಇಳಿಸಿದರೆ ನಡೆಯುತ್ತದೆ. ರೂನ್‌ಸ್ಕೇಪ್, ಆಲ್ಬಿಯನ್ ಎರಡೂ ಫೋನಿನಲ್ಲಿವೆ, ಅದೇ ಖಾತೆ ಕಂಪ್ಯೂಟರಿನಲ್ಲೂ ತೆರೆಯುತ್ತದೆ.

ಗಿಲ್ಡ್ ವಾರ್ಸ್ 2

ಬಿಡುವು ಕಡಿಮೆ ಇರುವ, ಕೆಲಸ ಸಂಸಾರ ಎರಡೂ ಇರುವವರಿಗೆ ನಾನು ಮೊದಲು ಹೇಳುವ ಹೆಸರು ಇದು. 2012ರ ಆಗಸ್ಟ್‌ನಲ್ಲಿ ಬಂದಾಗ ಲೆವೆಲ್ ಮಿತಿ 80 ಇತ್ತು. ಇಷ್ಟು ಎಕ್ಸ್‌ಪಾನ್ಷನ್ ಬಂದ ಮೇಲೂ ಅದು 80ರಲ್ಲೇ ನಿಂತಿದೆ. ಇದರ ಪರಿಣಾಮ ದೊಡ್ಡದು. ಬೇರೆ ಆಟಗಳಲ್ಲಿ ಆರು ತಿಂಗಳು ಬಿಟ್ಟು ಬಂದರೆ ನಿಮ್ಮ ಕತ್ತಿ, ಕವಚ ಎಲ್ಲ ಹಳತಾಗಿರುತ್ತವೆ, ಜೊತೆಯವರು ಮುಂದೆ ಹೋಗಿರುತ್ತಾರೆ. ಇಲ್ಲಿ ಒಮ್ಮೆ ಮೇಲ್ದರ್ಜೆಯ ಗೇರ್ ಮಾಡಿಕೊಂಡರೆ ಮಗಳ ಪರೀಕ್ಷೆ, ಮನೆ ಬದಲಾವಣೆ, ಪ್ರಾಜೆಕ್ಟ್ ರಿಲೀಸ್ ಎಲ್ಲ ಮುಗಿಸಿ ವರ್ಷದ ನಂತರ ಬಂದರೂ ಅದು ಕೆಲಸಕ್ಕೆ ಬರುತ್ತದೆ.

ಎರಡನೆಯ ಗುಣ, ಜನರನ್ನು ಸೇರಲು ಅಪ್ಪಣೆ ಬೇಕಿಲ್ಲ. ವರ್ಲ್ಡ್ ಬಾಸ್‌ಗಳು ಕಾಲು ಗಂಟೆಗೊಂದರಂತೆ ನಿಗದಿತ ಹೊತ್ತಿಗೆ ಬರುತ್ತವೆ. ಅಲ್ಲಿಗೆ ಹೋಗಿ ನಿಂತರೆ ಹತ್ತಾರು ಜನ ಸೇರಿರುತ್ತಾರೆ, ಹೊಡೆಯುತ್ತೀರಿ, ನಿಮ್ಮ ಪಾಲು ನಿಮಗೆ ಬರುತ್ತದೆ. ಒಂದು ಅದಿರಿನ ಗಡ್ಡೆಯನ್ನು ನೀವು ಅಗೆದರೆ ಪಕ್ಕದವರ ಪಾಲು ಕಡಿಮೆಯಾಗುವುದಿಲ್ಲ. ಹಾಗಾಗಿ ಎದುರಿಗೆ ಇನ್ನೊಬ್ಬ ಆಟಗಾರ ಕಂಡರೆ ಕಿರಿಕಿರಿಯಾಗುವ ಬದಲು ಸಂತೋಷವಾಗುತ್ತದೆ. ಬಿದ್ದವರನ್ನು ಎತ್ತಿ ನಿಲ್ಲಿಸುವ ಅಪರಿಚಿತರು ಇಲ್ಲಿ ಸಾಮಾನ್ಯ ದೃಶ್ಯ.

ಕೊರತೆಗಳಿವೆ. ಉಚಿತ ಖಾತೆಯಲ್ಲಿ ಚಾಟ್, ವ್ಯಾಪಾರ, ಚೀಲದ ಜಾಗ ಎಲ್ಲಕ್ಕೂ ಮಿತಿ. ಕಥೆ ಬಿಡಿ ಬಿಡಿಯಾಗಿ ಮಾರಾಟವಾಗುವುದರಿಂದ ಎಲ್ಲಿಂದ ಹಿಡಿಯಬೇಕೆಂದು ಹೊಸಬರಿಗೆ ಗೊಂದಲ. ಲೆವೆಲ್ 80 ಆದ ಮೇಲೆ ‘ಮುಂದೇನು’ ಎಂದು ಆಟ ಕೈಹಿಡಿದು ಹೇಳುವುದಿಲ್ಲ. ಗುರಿಯನ್ನು ಯಾರಾದರೂ ಕೊಡಲಿ ಎನ್ನುವ ಸ್ವಭಾವದವರಿಗೆ ಇಲ್ಲಿ ಬೇಸರ ಬರಬಹುದು.

ಫೈನಲ್ ಫ್ಯಾಂಟಸಿ 14

ಕಾದಂಬರಿ ಓದುವಂತೆ ಕಥೆ ಬೇಕೆನ್ನುವವರಿಗೆ ಇದಕ್ಕೆ ಸಮ ಇನ್ನೊಂದಿಲ್ಲ. 2010ರಲ್ಲಿ ಬಂದ ಮೊದಲ ರೂಪ ಸೋತು 2012ರಲ್ಲಿ ಮುಚ್ಚಿತು. ನವೋಕಿ ಯೋಶಿದಾ ಮುಂದಾಳತ್ವದಲ್ಲಿ ಪೂರ್ತಿ ಮರುಕಟ್ಟಿ 2013ರ ಆಗಸ್ಟ್‌ನಲ್ಲಿ ಮತ್ತೆ ತಂದರು. ಸೋತದ್ದನ್ನು ಬಿಟ್ಟು ಓಡದೆ ನಿಂತು ಕಟ್ಟಿದ ಆ ಶ್ರದ್ಧೆ ಇಂದಿಗೂ ಆಟದ ಎಲ್ಲ ಕಡೆ ಕಾಣುತ್ತದೆ.

ಇದರ ಉಚಿತ ಟ್ರಯಲ್ ಬಹಳ ಉದಾರ. ಮೂಲ ಆಟ, ಹೆವನ್ಸ್‌ವರ್ಡ್, ಸ್ಟಾರ್ಮ್‌ಬ್ಲಡ್ ಎಂಬ ಎಕ್ಸ್‌ಪಾನ್ಷನ್‌ಗಳು, ಈ ಮೂರನ್ನೂ ಲೆವೆಲ್ 70ರವರೆಗೆ, ಕಾಲಮಿತಿ ಇಲ್ಲದೆ ಆಡಬಹುದು. ದಿನಕ್ಕೊಂದು ಗಂಟೆ ಆಡುವವರಿಗೆ ಇದೇ ತಿಂಗಳುಗಟ್ಟಲೆಯ ಸಾಮಗ್ರಿ. ಮಾರುಕಟ್ಟೆ ಬಳಸುವಂತಿಲ್ಲ, ಗಿಲ್ಡ್‌ಗೆ ಸಮನಾದ ಫ್ರೀ ಕಂಪನಿ ಸೇರುವಂತಿಲ್ಲ ಎಂಬ ಮಿತಿಗಳಿವೆ. ಕಥೆಗಾಗಿ ಬಂದವರಿಗೆ ಅವು ಅಷ್ಟಾಗಿ ತಟ್ಟುವುದಿಲ್ಲ. ಒಂದೇ ಪಾತ್ರದಲ್ಲಿ ಎಲ್ಲ ಜಾಬ್‌ಗಳನ್ನೂ (ಇಲ್ಲಿನ ಕ್ಲಾಸ್‌ಗಳು) ಕಲಿಯಬಹುದು, ಮನಸ್ಸು ಬದಲಾದರೆ ಮೊದಲಿಂದ ಶುರು ಮಾಡಬೇಕಿಲ್ಲ. ಕಥೆಯ ಡಂಜನ್‌ಗಳಿಗೆ ಡ್ಯೂಟಿ ಸಪೋರ್ಟ್ ಎಂಬ ವ್ಯವಸ್ಥೆ ಇದೆ. ಜೊತೆಗಾರರಾಗಿ ಆಟದ ಪಾತ್ರಗಳೇ ಬರುತ್ತವೆ. ಮನೆಯಲ್ಲಿ ಯಾವಾಗ ಯಾರು ಕರೆಯುತ್ತಾರೋ ಎಂಬ ಆತಂಕವಿರುವವರಿಗೆ ಇದು ದೊಡ್ಡ ಉಪಕಾರ.

ಆದರೆ ತಾಳ್ಮೆ ಬೇಕು. ಮೊದಲ ಐವತ್ತು ಲೆವೆಲ್ ನಿಧಾನ, ಸುದ್ದಿ ಮುಟ್ಟಿಸು, ಸಾಮಾನು ತಂದುಕೊಡು ಎನ್ನುವ ಕೆಲಸಗಳೇ ಹೆಚ್ಚು. ಕಥೆ ದಾಟದೆ ಮುಂದಿನ ಪ್ರದೇಶ ತೆರೆಯುವುದಿಲ್ಲ. ಎಲ್ಲವೂ ಇಂಗ್ಲಿಷ್ ಅಥವಾ ಜಪಾನಿ, ಜರ್ಮನ್, ಫ್ರೆಂಚ್‌ನಲ್ಲಿ. ಪುಟಗಟ್ಟಲೆ ಓದಲು ಇಷ್ಟವಿಲ್ಲದವರು ಇದರ ತಂಟೆಗೆ ಹೋಗದಿರುವುದೇ ಲೇಸು. ಕೊಳ್ಳುವ ಮುನ್ನ ಎರಡು ಎಚ್ಚರಿಕೆ: ಪೂರ್ಣ ಆವೃತ್ತಿಗೆ ಹೋದ ಖಾತೆ ಮತ್ತೆ ಉಚಿತಕ್ಕೆ ಮರಳುವುದಿಲ್ಲ; ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡರೆ ಮುಂದಿನ ಎಕ್ಸ್‌ಪಾನ್ಷನ್‌ಗಳನ್ನೂ ಸ್ಟೀಮ್‌ನಲ್ಲೇ ಕೊಳ್ಳಬೇಕು. ಟ್ರಯಲ್ ಪೂರ್ತಿ ಮುಗಿಯುವವರೆಗೆ ಕೊಳ್ಳಬೇಡಿ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್

2004ರ ನವೆಂಬರ್‌ನಿಂದ ನಡೆಯುತ್ತಿರುವ ಈ ಆಟ ಗುಂಪಾಗಿ ಕಷ್ಟದ ಬಾಸ್‌ಗಳನ್ನು ಗೆಲ್ಲುವುದರಲ್ಲಿ ಇಂದಿಗೂ ಮುಂದಿದೆ. ಇಪ್ಪತ್ತು ಜನ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಒಂದು ಬಾಸನ್ನು ಕೆಡವಿದಾಗ ಹೆಡ್‌ಸೆಟ್‌ನಲ್ಲಿ ಕೇಳುವ ಕೂಗಿಗೆ ಬೇರೆಲ್ಲೂ ಸಾಟಿ ಇಲ್ಲ. ಆದರೆ ಆ ಸುಖ ಸಿಗುವುದು ನಿಗದಿತ ಹೊತ್ತಿಗೆ ವಾರಕ್ಕೆರಡು ಮೂರು ದಿನ ಕೂರಬಲ್ಲವರಿಗೆ. ಮೇಲೆ ಹೇಳಿದ ಗಡಿಯಾರದ ಲೆಕ್ಕ ಇಲ್ಲಿ ಅತಿ ಕಠಿಣವಾಗಿ ಬೀಳುತ್ತದೆ. ಅಮೆರಿಕದ ಗಂಟೆಯಲ್ಲಿ ಕೆಲಸ ಮಾಡುವ, ರಾತ್ರಿ ಹೇಗೂ ಎಚ್ಚರವಿರುವವರು ರಜೆಯ ದಿನಗಳಲ್ಲಿ ಯುರೋಪಿನ ಗಿಲ್ಡ್ ಸೇರಬಹುದು. ಉಳಿದವರು ರೇಡಿನ ಆಸೆ ಇಟ್ಟುಕೊಂಡು ಇದಕ್ಕೆ ವರ್ಷಕ್ಕೆ ಹದಿನೈದು ಸಾವಿರ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಇಪ್ಪತ್ತನೆಯ ಲೆವೆಲ್‌ವರೆಗೆ ಉಚಿತ, ರುಚಿ ನೋಡಲು ಅಷ್ಟು ಸಾಕು. ಒಂದೇ ಚಂದಾದಲ್ಲಿ 2019ರಲ್ಲಿ ಬಂದ ಕ್ಲಾಸಿಕ್ ಕೂಡ ಸಿಗುತ್ತದೆ. ನಿಧಾನವಾಗಿ ನಡೆದುಕೊಂಡು, ದಾರಿ ಕೇಳಿಕೊಂಡು ಹೋಗುವ ಹಳೆಯ ಲೋಕ ಅದು; ರೇಡ್ ಬೇಡದವರಿಗೆ ಹೊಸ ಆಟಕ್ಕಿಂತ ಇದೇ ಹಿಡಿಸಬಹುದು.

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್

ನೋಡಲು ಇಪ್ಪತ್ತು ವರ್ಷ ಹಳತು, ನಿಜಕ್ಕೂ ಹಳತೇ. ಕೇಂಬ್ರಿಜ್‌ನ ಜಾಗೆಕ್ಸ್ ಕಂಪನಿ 2007ರ ಆಗಸ್ಟ್‌ನ ಬ್ಯಾಕಪ್‌ನಿಂದ ಇದನ್ನು 2013ರಲ್ಲಿ ಮತ್ತೆ ಎಬ್ಬಿಸಿತು. ಹೊಸದೇನಾದರೂ ಸೇರಿಸುವ ಮುನ್ನ ಆಟಗಾರರ ಮತಕ್ಕೆ ಹಾಕುತ್ತದೆ. ಸರ್ವರ್ 0.6 ಸೆಕೆಂಡಿಗೊಮ್ಮೆ ಮಾತ್ರ ಲೆಕ್ಕ ಹಾಕುವುದರಿಂದ ನಮ್ಮ 150 ಮಿಲಿಸೆಕೆಂಡ್ ಪಿಂಗ್ ಬಹುತೇಕ ಗೊತ್ತೇ ಆಗುವುದಿಲ್ಲ. ನಮ್ಮ ಮೆಟ್ರೋದಲ್ಲಿ ಫೋನಿನಲ್ಲಿ ಮೀನು ಹಿಡಿದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಅದೇ ಪಾತ್ರ ಮುಂದುವರಿಸಬಹುದು. ಹತ್ತು ನಿಮಿಷ ಸಿಕ್ಕರೂ ಏನಾದರೂ ಆಗುತ್ತದೆ.

ಬೆಲೆ ಏನೆಂದರೆ ಸಮಯ. ಒಂದು ಕೌಶಲವನ್ನು 99ಕ್ಕೆ ತರಲು 1,30,34,431 ಅನುಭವದ ಅಂಕ ಬೇಕು, ಮತ್ತು ಅದರ ಅರ್ಧ ದಾರಿ ಬರುವುದು 92ರಲ್ಲಿ. ಈ ನಿಧಾನ ಕೆಲವರಿಗೆ ನೆಮ್ಮದಿ, ಕೆಲವರಿಗೆ ಹಿಂಸೆ. ಒಂದು ವಾರ ಉಚಿತವಾಗಿ ಮರ ಕಡಿದು ನೋಡಿ, ನೀವು ಯಾರು ಎಂದು ಗೊತ್ತಾಗುತ್ತದೆ. ‘ನಿನ್ನ ಚಿನ್ನ ದುಪ್ಪಟ್ಟು ಮಾಡಿಕೊಡುತ್ತೇನೆ’ ಎನ್ನುವವರು ಇಲ್ಲಿ ಧಾರಾಳ. ಮಕ್ಕಳಿಗೆ ಆಡಲು ಕೊಡುವುದಾದರೆ ಇದನ್ನು ಮೊದಲೇ ಹೇಳಿಕೊಡಿ, ಖಾತೆಗೆ ಎರಡು ಹಂತದ ದೃಢೀಕರಣ ಹಾಕಿಸಿ.

ಆಲ್ಬಿಯನ್ ಆನ್‌ಲೈನ್

ಬರ್ಲಿನ್‌ನಲ್ಲಿ ತಯಾರಾಗುವ ಈ ಆಟಕ್ಕೆ 2023ರ ಮಾರ್ಚ್‌ನಿಂದ ಏಷ್ಯಾ ಸರ್ವರ್ ಇದೆ. ಪಿಂಗ್ ಮತ್ತು ಗಡಿಯಾರ ಎರಡೂ ನಮಗೆ ಹತ್ತಿರ, ಸಂಜೆ ಆರಕ್ಕೆ ಲೋಕ ತುಂಬಿರುತ್ತದೆ. ಆಟದಲ್ಲಿ ಬಳಸುವ ಗೇರ್ ಬಹುತೇಕ ಆಟಗಾರರೇ ಮಾಡಿ ಮಾರಿದ್ದು. ಒಂದು ಊರಿನಲ್ಲಿ ಅಗ್ಗಕ್ಕೆ ಕೊಂಡು ಇನ್ನೊಂದು ಊರಿಗೆ ಸಾಗಿಸಿ ಮಾರುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಎಪಿಎಂಸಿಯ ದರಪಟ್ಟಿ ನೋಡಿ ಬೆಳೆದವರಿಗೆ ಇದರ ರಸ ಬೇಗ ಹತ್ತುತ್ತದೆ.

ಕೆಂಪು ಮತ್ತು ಕಪ್ಪು ವಲಯಗಳಲ್ಲಿ ಸತ್ತರೆ ಮೈಮೇಲಿನದೆಲ್ಲ ಕೈಬಿಟ್ಟು ಹೋಗುತ್ತದೆ. ನೀಲಿ, ಹಳದಿ ವಲಯಗಳಲ್ಲಿ ಆ ಭಯವಿಲ್ಲ, ಗಳಿಕೆಯೂ ಕಡಿಮೆ. ವಾರದ ದುಡಿಮೆ ಎರಡು ನಿಮಿಷದಲ್ಲಿ ಹೋದಾಗ ಮರುದಿನದವರೆಗೂ ಕೊರಗುವ ಸ್ವಭಾವ ನಿಮ್ಮದಾದರೆ ಇದು ಬೇಡ. ಹದಿಮೂರು ಹದಿನಾಲ್ಕರ ಮಕ್ಕಳಿಗಂತೂ ನಾನು ಹೇಳುವುದಿಲ್ಲ. ಊರಿನ ನಾಲ್ಕೈದು ಗೆಳೆಯರು ಫೋನಿನಲ್ಲೇ ಸೇರಿ ಒಂದು ಗಿಲ್ಡ್ ಕಟ್ಟುವುದಾದರೆ, ಈ ಐದರಲ್ಲಿ ಖರ್ಚಿಲ್ಲದೆ ಅದು ಚೆನ್ನಾಗಿ ಸಾಧ್ಯವಾಗುವುದು ಇಲ್ಲಿಯೇ.

ಬೇಡ ಎನ್ನುವುದೂ ಒಂದು ಆಯ್ಕೆ

ಪಿಯುಸಿ ಎರಡನೇ ವರ್ಷ, ಸಿಇಟಿ, ನೀಟ್ ತಯಾರಿ ನಡೆದಿರುವಾಗ ಯಾವುದನ್ನೂ ಶುರು ಮಾಡಬೇಡಿ. ಪರೀಕ್ಷೆ ಮುಗಿದ ಮೇಲೂ ಈ ಆಟಗಳು ಇರುತ್ತವೆ. ಈಗಾಗಲೇ ರಾತ್ರಿ ಒಂದರವರೆಗೆ ರೀಲ್ಸ್ ನೋಡಿ ನಿದ್ದೆಗೆಟ್ಟವರೂ ಸ್ವಲ್ಪ ತಡೆಯಿರಿ. ಕಥೆಯಷ್ಟೇ ಬೇಕಾದರೆ ಒಬ್ಬರೇ ಆಡುವ ಆರ್‌ಪಿಜಿ (ಪಾತ್ರ ಬೆಳೆಸುವ ಕಥೆಯ ಆಟ) ಸಾಕು, ಬೇಕಾದಾಗ ಸೇವ್ ಮಾಡಿ ಏಳಬಹುದು. ಆಡುವುದರ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ಕೆಡುಕು ಕಂಡರೂ ಬಿಡಲಾಗದಿರುವುದು, ಈ ಮೂರೂ ಸಾಮಾನ್ಯವಾಗಿ ವರ್ಷದಷ್ಟು ಕಾಲ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದೇ ಪಟ್ಟಿ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಮನೆಯಲ್ಲಿ ಯಾರಿಗಾದರೂ ಈ ಲಕ್ಷಣ ಕಂಡರೆ ಬೈಯುವುದಕ್ಕಿಂತ ಅಲ್ಲಿಗೆ ಹೋಗಿ ಮಾತಾಡುವುದು ಒಳ್ಳೆಯದು.

ಶುರು ಮಾಡುವುದೆಂದು ನಿರ್ಧರಿಸಿದರೆ, ಪಾತ್ರದ ಹೆಸರು, ಕೂದಲು, ಕಣ್ಣು ಆರಿಸಲು ಕೂರುವ ಮುನ್ನ ಸರ್ವರ್ ಪ್ರದೇಶ ಸರಿಯಾಗಿ ಆರಿಸಿ. ರೂನ್‌ಸ್ಕೇಪ್‌ನಲ್ಲಿ ಪ್ರತಿ ಲಾಗಿನ್‌ಗೂ ವರ್ಲ್ಡ್ (ಅಲ್ಲಿ ಸರ್ವರ್‌ಗೆ ಇಟ್ಟ ಹೆಸರು) ಬದಲಿಸಬಹುದು. ಆಲ್ಬಿಯನ್‌ನಲ್ಲಿ ಏಷ್ಯಾದ ಪಾತ್ರ ಯುರೋಪಿಗೆ ಬರುವುದಿಲ್ಲ, ವಾರ್‌ಕ್ರಾಫ್ಟ್‌ನಲ್ಲೂ ಒಂದು ಖಂಡದ ಪಾತ್ರ ಇನ್ನೊಂದಕ್ಕೆ ದಾಟುವುದಿಲ್ಲ. ಮೊದಲ ಎರಡು ವಾರ ಉಚಿತ ಭಾಗದಲ್ಲೇ ಇರಿ, ನಿಮ್ಮ ಮಾಮೂಲಿ ಹೊತ್ತಿನಲ್ಲೇ ಆಡಿ, ರಜೆ ಹಾಕಿ ಆಡಬೇಡಿ. ಆ ಹೊತ್ತಿನಲ್ಲಿ ಲೋಕದಲ್ಲಿ ಜನ ಇದ್ದಾರೆಯೇ, ಲೈನ್ ಸ್ಥಿರವಾಗಿದೆಯೇ, ಮರುದಿನ ಬೆಳಿಗ್ಗೆ ಸರಿಯಾಗಿ ಏಳುತ್ತಿದ್ದೀರಾ ಎಂದು ಗಮನಿಸಿ. ಚಂದಾ ಕಟ್ಟುವುದಾದರೆ ಒಂದೇ ತಿಂಗಳಿಗೆ ಕಟ್ಟಿ, ಕಟ್ಟಿದ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿ. ಆ ತಿಂಗಳು ಪೂರ್ತಿ ಆಡಲು ಅಡ್ಡಿಯಿಲ್ಲ. ಮುಂದಿನ ಸಾವಿರ ರೂಪಾಯಿ ಕೊಡಬೇಕೋ ಬೇಡವೋ ಎಂಬುದನ್ನು ಆಗ ನೀವೇ ಕೂತು ನಿರ್ಧರಿಸುತ್ತೀರಿ.